ಕಬೂತರಿಯ ತಿಂಡಿ

ಘಟಪ್ರಭಾ ದಂಡೆಯ ಸೀಮೆಯಲ್ಲಿ ತಿಂಡಿ ಎಂದರೆ ಇಡ್ಲಿ-ಉಪ್ಪಿಟ್ಟು ಅಲ್ಲ. ಮೈ ತುರಿಸಿದರೆ ಅದು ತಿಂಡಿ. ಯಾರಾದರೂ ಇಲ್ಲದ ಉಸಾಬರಿಗೆ ಕೈಹಾಕಿ ಸುಮ್ಮನಿದ್ದವರನ್ನು ಕೆಣಕಿದರೆ ಅದೂ ತಿಂಡಿಯೇ. “ನಿನಗ ತಿಂಡಿ ಬಾಳ ಆಗೈತಿ” ಎಂದು ಬೈಯುತ್ತಾರೆ. ಮೈಸೂರು ಕಡೆಯವರು ಬೆಳಗಾಗೆದ್ದು “ತಿಂಡಿ ಆಯ್ತಾ?” ಎಂದು ಕೇಳಿದರೆ ಇಲ್ಲಿಯ ಜನ ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ ನಗುತ್ತಾರೆ. ಮಸಗುಪ್ಪಿಯ ಸಿದ್ರಾಯನ ಮನೆಗೆ ಮಾತ್ರ ಈ ಬೇಸಿಗೆಯಲ್ಲಿ ಎರಡು ತಿಂಡಿಗಳೂ ಕೂಡಿಯೇ ಬಂದವು. ಒಂದಕ್ಕೆ ಔಷಧ ಸಿಕ್ಕಿತು.

ಮೈಯ ತಿಂಡಿ ಬಂದದ್ದು ಅವನ ಬಿಳಿ ಕುದುರೆ ಕಬೂತರಿಗೆ. ಯುಗಾದಿ ಮುಗಿದು ಬಿಸಿಲು ಏರಿದಂತೆ, ಸಂಜೆ ಹೊತ್ತು ಕಾಲುವೆ ಬದಿಯ ಕಬ್ಬಿನಿಂದ ಸಾಸಿವೆಗಿಂತ ಸಣ್ಣ ಗುಂಗಾಡುಗಳು ಎದ್ದು ಬಂದು ಅದರ ಕುತ್ತಿಗೆಗೆ, ಬಾಲದ ಬುಡಕ್ಕೆ ಮುತ್ತುತ್ತಿದ್ದವು. ಕುದುರೆ ಹಿತ್ತಿಲ ಬೇವಿನ ಮರಕ್ಕೆ ಮೈ ತಿಕ್ಕತೊಡಗಿತು. ಮದುವೆಗಳಲ್ಲಿ ಹೂ ಹೆಣೆಯುತ್ತಿದ್ದ ಕುತ್ತಿಗೆಯ ಜೂಲು ಮೊದಲು ಉದುರಿತು, ಆಮೇಲೆ ತೊಗಲು ಸುಲಿಯಿತು, ಕಡೆಗೆ ನೀರು ಒಸರಿ ನೊಣ ಕೂತವು. ಸಿದ್ರಾಯ ಮರಕ್ಕೆ ಗೋಣಿಚೀಲ ಸುತ್ತಿದ. ಎರಡೇ ದಿನಕ್ಕೆ ಗೋಣಿ ಚಿಂದಿಯಾಯಿತು. ಬೇವಿನ ಎಲೆ ಕುದಿಸಿದ ನೀರನ್ನು ಆರಿಸಿ ಮೈಮೇಲೆ ಸುರಿದ. ಸುರಿದಷ್ಟು ಹೊತ್ತು ಕುದುರೆ ಕಣ್ಣು ಮುಚ್ಚಿ ನಿಲ್ಲುತ್ತಿತ್ತು, ಮೈ ಒಣಗಿದ ಮೇಲೆ ಮತ್ತೆ ಮರವೇ ಗತಿ. ಅದರ ಸಂಕಟ ನೋಡಲಾಗದೆ ಅವನು ಊಟಕ್ಕೆ ಕೂತಾಗಲೂ ಹಿತ್ತಿಲಿಗೆ ಬೆನ್ನು ಮಾಡಿ ಕೂಡುತ್ತಿದ್ದ.

ಹೋದ ಬೇಸಿಗೆಯವರೆಗೆ ಕಬೂತರಿಗೆ ಈ ಫಜೀತಿ ಇರಲಿಲ್ಲ. ಆಗ ಅದಕ್ಕೆ ಜೋಡಿ ಇತ್ತು, ಕೆಂಪು ಕುದುರೆ ಸರ್ಜಾ. ಸಿದ್ರಾಯನೂ ಅವನ ತಮ್ಮ ದುಂಡೇಶನೂ ಆ ಜೋಡಿಯನ್ನು ಸಾರೋಟಿಗೆ ಕಟ್ಟಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಮದುಮಕ್ಕಳನ್ನು ಮೆರೆಸಿದವರು. ಗುಂಗಾಡು ಆಗಲೂ ಇದ್ದವು. ಆದರೆ ಸಂಜೆಯಾದರೆ ಎರಡೂ ಕುದುರೆ ಎದುರುಬದುರು ನಿಂತು, ಒಂದರ ಕುತ್ತಿಗೆ ಇನ್ನೊಂದರ ಬೆನ್ನ ಮೇಲೆ ಚಾಚಿ, ತುಟಿ-ಹಲ್ಲಿನಿಂದ ಒಂದನ್ನೊಂದು ಕರಕರ ಕೆರೆಯುತ್ತಿದ್ದವು. ತನಗೆ ಎಟುಕದ ಜಾಗ ಇನ್ನೊಂದಕ್ಕೆ ಎಟುಕುತ್ತಿತ್ತು. ಹಾಗೆ ನಿಂತಾಗ ಅಪ್ಪ ಕೆಂಚಪ್ಪ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. “ಅವು ಮಾತಾಡಾಕತ್ತಾವ, ಬಿಡ್ರಿ” ಎನ್ನುತ್ತಿದ್ದ. ಅಪ್ಪ ಹೋದ. ಸ್ವಲ್ಪ ದಿನಕ್ಕೆ ಆ ಮನೆಯಿಂದ ಮಾತೂ ಹೋಯಿತು.

ಜಗಳ ಹುಟ್ಟಿದ್ದು ಬೆಲ್ಲದ ಬಾಗೇವಾಡಿಯ ಒಂದು ಮದುವೆಯಲ್ಲಿ. ದುಂಡೇಶ ಹೊಸತರ ಹುಕಿಯವನು. ಅಣ್ಣನಿಗೆ ಹೇಳದೆ ಸಾರೋಟಿಗೆ ಬಣ್ಣದ ಲೈಟಿನ ಮಾಲೆ, ಎರಡು ಸ್ಪೀಕರ್ ಕಟ್ಟಿಸಿದ್ದ. ಹಾಡು ಶುರುವಾದದ್ದೇ ತಡ, ಕಬೂತರಿ ಬೆದರಿ ಮುಂಗಾಲೆತ್ತಿತು. ಮದುಮಗ ಬಾಸಿಂಗದ ಸಮೇತ ಚರಂಡಿ ಬದಿಗೆ ಉರುಳಿದ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಸಿದ್ರಾಯನ ಬಾಯಿಗೆ ಕಡಿವಾಣ ಹಾಕುವವರು ಅಲ್ಲಿ ಯಾರೂ ಇರಲಿಲ್ಲ. ಬೀಗರೆದುರು, ವಾಲಗದವರೆದುರು, “ನಿನಗ ತಿಂಡಿ ಬಾಳ ಆಗೈತಲೇ! ಅಪ್ಪ ಇದ್ದಿದ್ರ ಚಾಬೂಕಲೆ ಇಳಸ್ತಿದ್ದ” ಎಂದುಬಿಟ್ಟ. ಹೆಂಡತಿ ಮಕ್ಕಳಿರುವ ತಮ್ಮ ನಾಲ್ಕು ಮಂದಿಯ ನಡುವೆ ತಲೆ ತಗ್ಗಿಸಿ ನಿಂತ. ಆರು ತಿಂಗಳೊಳಗೆ ಮನೆ ಪಾಲಾಯಿತು.

ಪಾಲಿನ ದಿನ ಹಿರಿಯರ ಮುಂದೆ ದುಂಡೇಶ ಕೇಳಿದ್ದು ಒಂದೇ ಮಾತು.

“ಯಣ್ಣಾ, ಕುದರಿ ಜೋಡಿ ಒಡಿಯೂದ ಬ್ಯಾಡ. ಎರಡೂ ನೀನ ಇಟಗೋ. ಇಲ್ಲಂದ್ರ ಎರಡೂ ನನಗ ಕೊಡು.”

ಸಿದ್ರಾಯನಿಗೆ ಅದರಲ್ಲೂ ತಮ್ಮನ ಕಿತಾಪತಿಯೇ ಕಂಡಿತು. “ಅರ್ಧಾ ಅಂದ್ರ ಅರ್ಧಾ” ಎಂದು ಹಟ ಹಿಡಿದ. ಕಬೂತರಿ ಅಣ್ಣನಿಗೆ, ಸರ್ಜಾ ತಮ್ಮನಿಗೆ ಆಯಿತು. ಸಾರೋಟನ್ನು ಸೀಳಲು ಬಾರದೆಂದು ಮಾರಿದರು. ಹಿರಿಯರು ಎಷ್ಟು ನ್ಯಾಯವಂತರೆಂದರೆ, ಅಟ್ಟದ ಮೇಲೆ ಸಿಕ್ಕ ಎರಡು ಉಣ್ಣಿ ಔಷಧದ ಬಾಟಲಿಗಳನ್ನೂ ಬಿಡದೆ ಒಂದೊಂದರಂತೆ ಹಂಚಿದರು. ದುಂಡೇಶ ಸರ್ಜಾನನ್ನು ಕರೆದುಕೊಂಡು ಹೆಂಡತಿಯ ತವರು ಕಣಗಲಾಕ್ಕೆ ಹೋಗಿ, ಹೈವೇ ಬದಿ ಚಹಾದ ಹೋಟೆಲ್ ಇಟ್ಟ. ಅವತ್ತಿನಿಂದ ಮಾತು ನಿಂತಿತು. ಆದರೂ ಹೊರಡುವಾಗ, ಅಷ್ಟು ಸಿಟ್ಟಿನಲ್ಲೂ, “ನೀ ಅರಾಮ ಇರು” ಎಂದೇ ಹೇಳಿ ಹೋಗಿದ್ದ. ‘ರಿ’ ಎನ್ನುವುದು ಬೀಗರಿಗೆ, ಗಿರಾಕಿಗಳಿಗೆ. ಅಣ್ಣ-ತಮ್ಮಂದಿರ ನಡುವೆ ಅದು ಎಂದೂ ಬಂದಿರಲಿಲ್ಲ.

ಬಸವ ಜಯಂತಿಯ ಮರುದಿನ ಸಿದ್ರಾಯ ತಾಳ್ಮೆಗೆಟ್ಟು ದನದ ಡಾಕ್ಟರಿಗೆ ಫೋನು ಹಚ್ಚಿದ. ಮಂಡ್ಯದ ಕಡೆಯ ಹೆಣ್ಣುಮಗಳು, ಈ ಕಡೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ.

“ಮೇಡಂ, ನಮ್ಮ ಕುದರಿಗಿ ತಿಂಡಿ ಬಾಳ ಆಗೈತ್ರಿ.”

“ಏನು ತಿಂಡಿ ಕೊಡ್ತಿದ್ದೀರಿ?”

“ನಾವ್ಯಾಕ ಕೊಡೂನ್ರಿ? ತಾನ ಬಂದೈತ್ರಿ.”

“ಸರಿ, ಇವತ್ತೊಂದು ದಿನ ತಿಂಡಿ ನಿಲ್ಲಿಸಿ. ನೀರು ಮಾತ್ರ ಕೊಡಿ.”

“ನಿಲ್ಲಸಾಕ ಬಂದಿದ್ರ ನಿಮಗ್ಯಾಕ ಫೋನ್ ಹಚ್ಚತಿದ್ದೆ ಮೇಡಂ? ಮೈಯೆಲ್ಲಾ ತಿಂಡಿ! ಗಿಡಕ್ಕ ತಿಕ್ಕಿ ತಿಕ್ಕಿ ರಕ್ತ ಬರಾಕತ್ತೈತಿ!”

ಆ ಕಡೆ ಡಾಕ್ಟರಮ್ಮ ಜೋರಾಗಿ ನಕ್ಕಳು. “ಅಯ್ಯೋ, ತುರಿಕೆನಾ? ಇರಿ, ಬರ್ತೀನಿ.” ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಸಿದ್ರಾಯನ ಹೆಂಡತಿ ಶೋಭಾ ಸೆರಗು ಬಾಯಿಗಿಟ್ಟು ನಕ್ಕಳು. ಆ ಮನೆಯಲ್ಲಿ ಈ ಬೇಸಿಗೆ ಅಷ್ಟು ನಗು ಕೇಳಿದ್ದು ಅದೊಂದೇ ಸಲ.

ಡಾಕ್ಟರಮ್ಮ ಬಂದು ಸ್ಕೂಟಿ ನಿಲ್ಲಿಸಿ ಹಿತ್ತಿಲಿಗೆ ಕಾಲಿಡುವಾಗ ಸಿದ್ರಾಯ ಬಕೆಟ್ಟಿನಲ್ಲಿ ಔಷಧ ಕಲಸಿಕೊಂಡು, ಅರಿವೆ ಅದ್ದಿ ನಿಂತಿದ್ದ. ಅಪ್ಪ ಎಮ್ಮೆ-ಎತ್ತುಗಳ ಉಣ್ಣಿಗೆ ಹಚ್ಚುತ್ತಿದ್ದ ಅದೇ ಬಾಟಲಿ. ಡಾಕ್ಟರು ಬರುವುದರೊಳಗೆ ತನ್ನದೊಂದು ಪ್ರಯತ್ನ ಆಗಿಬಿಡಲಿ ಎಂಬ ಆತುರ. ಡಾಕ್ಟರಮ್ಮ ಬಾಟಲಿ ಎತ್ತಿ ಚೀಟಿ ಓದಿದ್ದೇ, ಅವನ ಕೈಯಿಂದ ಅರಿವೆ ಕಸಿದುಕೊಂಡಳು.

“ಹಚ್ಚಿಬಿಟ್ರಾ?”

“ಇಲ್ರಿ, ಈಗ ಹಚ್ಚಾಂವ ಇದ್ದೆ.”

“ಸದ್ಯ ಉಳೀತು. ಇದು ದನಕ್ಕೆ ಔಷಧ, ಕುದುರೆಗೆ ವಿಷ. ಮೇಲೆ ಹಚ್ಚಿದರೂ ಸಾಕು, ಒಳಗೆ ಕರುಳು ಕೆಲಸ ನಿಲ್ಲಿಸುತ್ತೆ. ಹೊಟ್ಟೆ ಕಟ್ಟಿ ಎರಡು ಮೂರು ದಿನದಲ್ಲಿ ಸತ್ತುಹೋಗುತ್ತೆ.”

ಸಿದ್ರಾಯ ಬಕೆಟ್ಟನ್ನು ಕುದುರೆಯಿಂದ ದೂರ ಸರಿಸಿದ. ಅವಳು ತಗ್ಗು ತೋಡಿಸಿ ಬಕೆಟ್ಟಿನ ನೀರು, ಬಾಟಲಿ ಎರಡನ್ನೂ ಮಣ್ಣು ಮಾಡಿಸಿದಳು. ಗಾಯಕ್ಕೆ ಮುಲಾಮು ಕೊಟ್ಟಳು. ಹೊತ್ತು ಇಳಿಯುವ ಮುಂಚೆ ಕುದುರೆಯನ್ನು ಒಳಗೆ ಕಟ್ಟಬೇಕು, ಫ್ಯಾನಿನ ಗಾಳಿ ಇಡಬೇಕು, ತೆಳ್ಳಗಿನ ಬಟ್ಟೆ ಹೊದಿಸಬೇಕು, ದಿನವೂ ತಣ್ಣೀರಲ್ಲಿ ತೊಳೆದು ಕುತ್ತಿಗೆ-ಬಾಲಕ್ಕೆ ಕೊಬ್ಬರಿ ಎಣ್ಣೆ ಸವರಬೇಕು ಎಂದಳು. ಸ್ಕೂಟಿ ಹತ್ತಿದ ಮೇಲೆ ನೆನಪಾದಂತೆ, “ಕುದುರೆ ಸಾಕಿದವರು ಬೇರೆ ಯಾರಾದ್ರೂ ಗೊತ್ತಿದ್ರೆ ಅವರಿಗೂ ಹೇಳಿ” ಎಂದು ಹೋದಳು.

ಸಿದ್ರಾಯನಿಗೆ ಗೊತ್ತಿದ್ದವನು ಒಬ್ಬನೇ.

“ದುಂಡೇಶಗ ಈಗಿಂದೀಗ ಫೋನ್ ಮಾಡ್ರಿ” ಎಂದಳು ಶೋಭಾ. “ಆ ಬಾಟಲಿ ಅವನ ಕಡೆನೂ ಐತಿ.”

“ಮಾಡ್ತೀನಿ.”

“ನಾನರ ಮಾಡ್ಲಿ?”

“ನೀ ಮಾಡಿದ್ರೇನು, ನಾ ಮಾಡಿದ್ರೇನು. ಮಾಡ್ತೀನಿ ಅಂದ್ನೆಲ್ಲಾ!”

ಅಂದು ಸಂಜೆ ಕಟ್ಟೆಯ ಮೇಲೆ ಕೂತು ಫೋನು ತೆಗೆದ. ಹೆಸರು ಇನ್ನೂ ‘ತಮ್ಮ’ ಎಂದೇ ಇತ್ತು. ಒಂದು ಬೆರಳಿನ ಕೆಲಸ. ಆದರೆ ಹಾಳು ಹಟ ನೋಡಿ, ಆ ಬೆರಳು ಮುಂದೆ ಹೋಗಲಿಲ್ಲ. ವರ್ಷವಾದರೂ ಅವನು ಹಬ್ಬಕ್ಕೊಂದು ಫೋನು ಮಾಡಲಿಲ್ಲ, ತಾನೇಕೆ ಮೊದಲು ಬಗ್ಗಬೇಕು? ಹೈವೇ ಬದಿ ಕಬ್ಬಿಲ್ಲ, ಕಾಲುವೆಯಿಲ್ಲ. ಗುಂಗಾಡು ಎಲ್ಲಿಂದ ಬಂದಾವು? ಸರ್ಜಾನಿಗೆ ತಿಂಡಿ ಬಂದಿರಲಿಕ್ಕಿಲ್ಲ. ಬಂದರೂ ಆ ಬಾಟಲಿ ಅವನ ನೆನಪಿಗೆ ಬರಲಿಕ್ಕಿಲ್ಲ. ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡು ಫೋನನ್ನು ಕಿಸೆಗೆ ಹಾಕಿದ.

ಮರುದಿನ ಶೋಭಾ ಕೇಳಿದಳು, “ಮಾಡಿದ್ರಿ?”

“ಹೂಂ. ಹೇಳೀನಿ.”

“ಏನಂದ?”

“ಏನನ್ನಾಂವ? ಹೂಂ ಅಂದ.”

ಸುಳ್ಳು ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಶೋಭಾಳ ಮುಖ ಅರಳಿತು. ಅಂತೂ ಅಣ್ಣ-ತಮ್ಮ ಮಾತಾಡಿದರಲ್ಲ ಎಂದು ಅವನ ರೊಟ್ಟಿಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿದಳು. ಅವನು ಅದನ್ನು ತಿಂದ.

ಆಮೇಲಿನ ಮೂರು ವಾರ ಗಂಡ-ಹೆಂಡತಿ ಇಬ್ಬರೂ ಕುದುರೆಯ ಸೇವೆಗೆ ನಿಂತರು. ಶೋಭಾ ತನ್ನ ಎರಡು ಹಳೇ ಇಲಕಲ್ ಸೀರೆ ಜೋಡಿಸಿ ಕಬೂತರಿಗೆ ಕುತ್ತಿಗೆಯಿಂದ ಬಾಲದವರೆಗೆ ಹೊದಿಕೆ ಹೊಲಿದಳು. ಪಕ್ಕದ ಮನೆಯ ಉದ್ದವ್ವ ಗೋಡೆಯ ಮೇಲಿಂದ ಇಣುಕಿ, “ಏನವಾ ಶೋಭಾ, ಸೊಸಿ ಚೊಲೊ ಸಿಕ್ಕಾಳಲ್ಲ!” ಎಂದು ಚೇಷ್ಟೆ ಮಾಡಿದಳು. ಪಡಸಾಲೆಯ ಫ್ಯಾನು ಕೊಟ್ಟಿಗೆಗೆ ಹೋಯಿತು. ಮನೆಯವರು ಬೀಸಣಿಗೆ ಹಿಡಿದರು. ದಿನವೂ ನಸುಕಿನಲ್ಲಿ ಸಿದ್ರಾಯ ಹದವಾಗಿ ನೀರು ಹಾಕಿ, ಹುಣ್ಣಿನ ಸುತ್ತ ಬೆರಳ ತುದಿಯಿಂದ ಎಣ್ಣೆ ಸವರುತ್ತಿದ್ದ. ಗಾಯ ಒಣಗಿತು. ಬೋಳಾದ ಕಡೆ ಹೊಸ ಕೂದಲು ನೂಲಿನಷ್ಟು ಚಿಗುರಿತು.

ಆದರೆ ಕುದುರೆ ಮೊದಲಿನಂತಾಗಲಿಲ್ಲ. ಸಂಜೆಯಾದರೆ ಒಂದೇ ಕಡೆ ನಿಂತು, ಕುತ್ತಿಗೆ ಮುಂದಕ್ಕೆ ಚಾಚಿ, ಮೇಲ್ದುಟಿಯನ್ನು ಬರೀ ಗಾಳಿಯಲ್ಲಿ ಆಡಿಸುತ್ತಿತ್ತು. ಮೇವು ಅರ್ಧಕ್ಕೆ ಬಿಡುತ್ತಿತ್ತು. ನೋಡಲು ಬಂದ ಡಾಕ್ಟರಮ್ಮ ಬಹಳ ಹೊತ್ತು ಅದನ್ನೇ ಗಮನಿಸಿ, “ಇದಕ್ಕೆ ಜೋಡಿ ಇತ್ತಾ?” ಎಂದಳು. ಸಿದ್ರಾಯ ನೆಲ ನೋಡುತ್ತ ಹೂಂ ಅಂದ. “ತೊಗಲಿಗೆ ಬೇಕಾದ್ದು ನಾನು ಕೊಟ್ಟೆ. ಇದಕ್ಕೆ ನನ್ನ ಹತ್ರ ಔಷಧ ಇಲ್ಲ. ಆಗೋದಾದ್ರೆ ಜೋಡಿ ಹತ್ರ ಬಿಡಿ.”

ಎರಡು ದಿನ ಅವನು ಕೊಟ್ಟಿಗೆಯ ಬಾಗಿಲಲ್ಲೇ ಕೂತ. ಮೂರನೆಯ ದಿನ ಓಣಿಯ ಹುಡುಗ ಅಣ್ಣಪ್ಪನ ಪಿಕಪ್ ಗಾಡಿ ಹೇಳಿ ಬಂದ. ಕಬೂತರಿಯನ್ನು ಕಣಗಲಾಕ್ಕೆ ಒಯ್ದು ತಮ್ಮನ ಕೈಗೇ ಒಪ್ಪಿಸುವುದು; ಎರಡೂ ಅಲ್ಲೇ ಇರಲಿ. ಹಾಗೆ ನಿರ್ಧರಿಸಿದ ಮೇಲೆ ಅವನ ಎದೆ ಹಗುರಾಯಿತು. ಬಾಟಲಿಯ ಮಾತನ್ನೂ ಬಾಯಾರೆ ಹೇಳಿದರಾಯಿತು, ಶೋಭಾಳಿಗೆ ಹೇಳಿದ ಸುಳ್ಳೂ ಅಲ್ಲಿಗೆ ನಿಜವಾಗಿ ಮುಚ್ಚಿಹೋಗುತ್ತದೆ ಎಂದುಕೊಂಡ. ಶೋಭಾ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟಳು, ಇನ್ನೊಂದು ಗಂಟು ಕೊಟ್ಟಳು. “ಸರ್ಜಾಗೂ ಒಂದ ಹೊಲದೀನ್ರಿ. ಒಂದಕ್ಕ ಹೊದಸಿ ಒಂದಕ್ಕ ಬಿಟ್ರ ಚಂದ ಕಾಣಂಗಿಲ್ಲ.” ಅವಳ ಮದುವೆಯ ಹಸಿರು ಸೀರೆ ಅದು.

ಘಟಪ್ರಭಾ ದಾಟಿ, ಹುಕ್ಕೇರಿ ದಾಟಿ, ಸಂಕೇಶ್ವರದಲ್ಲಿ ಹೈವೇ ಹತ್ತುವವರೆಗೂ ಸಿದ್ರಾಯ ಮನಸ್ಸಿನಲ್ಲೇ ಮಾತು ಕಟ್ಟುತ್ತಿದ್ದ. ‘ತಮ್ಮಾ, ಜೋಡಿ ಒಡದದ್ದು ನನ್ನ ತಪ್ಪು.’ ಇಷ್ಟೇ ಸಾಕು, ಉಳಿದದ್ದು ಅವನೇ ತಿಳಿದುಕೊಳ್ಳುತ್ತಾನೆ. ಕಣಗಲಾ ಬಂದಾಗ ಬಿಸಿಲು ನೆತ್ತಿಗೆ ಹತ್ತುತ್ತಿತ್ತು. ಹೋಟೆಲಿನ ಬೋರ್ಡಿನ ಮೇಲೆ ದಕ್ಷಿಣದ ಲಾರಿಯವರಿಗಾಗಿ ದೊಡ್ಡದಾಗಿ ‘ಚಹಾ - ತಿಂಡಿ’ ಎಂದು ಬರೆಸಿತ್ತು. “ನೋಡ್ರಿ ಕಾಕಾ, ನಿಮ್ಮ ತಮ್ಮ ತಿಂಡಿ ಮಾರಾಕತ್ತಾನ!” ಎಂದು ಅಣ್ಣಪ್ಪ ನಕ್ಕ. ಸಿದ್ರಾಯನಿಗೂ ನಗು ಬಂತು.

ಗಾಡಿಯಿಂದ ಇಳಿದ ಕಬೂತರಿ ಮೂಗು ಅರಳಿಸಿ ಜೋರಾಗಿ ಕೆನೆಯಿತು. ಉತ್ತರ ಬರಲಿಲ್ಲ. ಕೆನೆತ ಕೇಳಿ ದುಂಡೇಶ ಹೊರಗೆ ಬಂದ. 

“ಯಣ್ಣಾ” ಎಂದ. ವರ್ಷದ ಮೇಲೆ ಕೇಳಿದ ಆ ಒಂದು ಮಾತಿಗೆ ಸಿದ್ರಾಯ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

ಅಷ್ಟರಲ್ಲಿ ಕಬೂತರಿ ಹಗ್ಗ ಜಗ್ಗುತ್ತ ಹೋಟೆಲಿನ ಹಿಂದಿನ ತಗಡಿನ ಚಪ್ಪರಕ್ಕೆ ನಡೆಯಿತು. ಒಳಗೆ ಯಾರೂ ಇರಲಿಲ್ಲ. ಗ್ವಾದಲಿಯಲ್ಲಿ ಒಣಗಿದ ಮೇವು ಹಾಗೇ ಬಿದ್ದಿತ್ತು. ಕಂಬದ ಒರಟಿಗೆ ಕೆಂಪು ಕೂದಲು ಸಿಕ್ಕಿಕೊಂಡಿತ್ತು. ಕುದುರೆ ಆ ಕಂಬಕ್ಕೆ ಮೂಗು ಹಚ್ಚಿ ನಿಂತುಬಿಟ್ಟಿತು.

“ಸರ್ಜಾ ಎಲ್ಲಿ?”

“ಹೋಗಿ ಎಂಟ ದಿನ ಆತಣ್ಣಾ.”

ದುಂಡೇಶ ಚಪ್ಪರದ ಕಟ್ಟೆಗೆ ಕುಸಿದು ಕೂತ. “ತಿಂಡಿ ಹತ್ತಿತ್ತು. ಹಿಂದ ಗಟಾರ ಐತೆಲ್ಲ, ಸಂಜಿ ಆದ್ರ ಬರೇ ಗುಂಗಾಡ. ಈ ಕಂಬಕ್ಕ ತಿಕ್ಕಿ ತಿಕ್ಕಿ ಮೈಯೆಲ್ಲಾ ಹುಣ್ಣ ಮಾಡಕೊಂಡ್ತು. ಅಪ್ಪನ ಬಾಟಲಿ ಇತ್ತು, ಹಚ್ಚಿದೆ. ಮರದಿನಾನ ಮೇವು ಬಿಡ್ತು. ಮೂರನೇ ದಿನ ಹೊರಳಾಡಿ ಹೊರಳಾಡಿ... ಡಾಕ್ಟರ್ ಬರೂದ್ರಾಗ ಹೊಟ್ಟಿ ಕಲ್ಲ ಆಗಿತ್ತು. ಕುದರಿಗಿ ಅದು ವಿಷ ಅಂತ. ನನಗೇನ ಗೊತ್ತಣ್ಣಾ? ನನ್ನ ಕೈಯಾರೆ ತಿಕ್ಕಿ ತಿಕ್ಕಿ ಹಚ್ಚಿ ಕೊಂದೆ.”

ದುಂಡೇಶ ಕಣ್ಣೊರೆಸಿಕೊಂಡು ಹೇಳಿದ: “ಹಚ್ಚೂಕಿಂತ ಮೊದಲ ನಿನ್ನ ಕೇಳೂನು ಅಂತ ಫೋನ್ ತಗದಿದ್ದೆ. ಏನಂತ ಹೇಳೂದು? ತಿಂಡಿ ಆಗೈತಿ ಅನ್ನಬೇಕಲ್ಲ. ಆ ಮಾತು ನಿನ್ನ ಮುಂದ ಬಾಯಾಗ ಬರಲಿಲ್ಲ. ಇಟ್ಟಬಿಟ್ಟೆ.”

ಅವನು ಎದ್ದು ಬಂದು ಕಬೂತರಿಯ ಹೊದಿಕೆ ಸರಿಸಿ, ಬೆನ್ನಿನ ಏರಿನ ಮೇಲೆ ಉಗುರಿನಿಂದ ಕೆರೆಯತೊಡಗಿದ. ಸರ್ಜಾ ಕೆರೆಯುತ್ತಿದ್ದ ಅದೇ ಜಾಗ. ಸಿದ್ರಾಯ ಇನ್ನೊಂದು ಬದಿಗೆ ನಿಂತು ಕೈಹಾಕಿದ. ಅಪ್ಪನ ಕಾಲದಲ್ಲಿ ಇಬ್ಬರೂ ಹೀಗೇ ಎರಡು ಬದಿ ನಿಂತು ಮೈ ಉಜ್ಜುತ್ತಿದ್ದರು. ಕುದುರೆ ದೊಡ್ಡ ಉಸಿರು ಬಿಟ್ಟು, ಕುತ್ತಿಗೆ ತಿರುಗಿಸಿ, ದುಂಡೇಶನ ಹೆಗಲ ಮೇಲೆ ತುಟಿ ಇಟ್ಟು ಅಂಗಿಯನ್ನು ಕರಕರ ಕೆರೆಯಿತು.

“ನೋಡಣ್ಣಾ, ನನ್ನನ್ನ ಸರ್ಜಾ ಅಂತ ತಿಳದೈತಿ” ಎಂದ ದುಂಡೇಶ. ಅಳುತ್ತಲೇ ನಗುತ್ತಿದ್ದ. “ಯಾರರ ಒಬ್ಬರು ಮೊದಲ ಒಂದ ಮಾತು ಹೇಳಿದ್ದರ ಸಾಕಿತ್ತು.”

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ತಮ್ಮ ಸಿಕ್ಕಿದ್ದ. ಅಣ್ಣಾ ಎಂಬ ಮಾತು ಸಿಕ್ಕಿತ್ತು. ಶೋಭಾಳನ್ನು ಹೇಗಾದರೂ ಸಂಭಾಳಿಸಬಹುದಿತ್ತು. ಆದರೆ ಕುದುರೆಯ ಬೆನ್ನಿನ ಆ ಬದಿಯಲ್ಲಿ ತಮ್ಮನ ಕೈ ಆಡುತ್ತಿತ್ತು, ಈ ಬದಿಯಲ್ಲಿ ತನ್ನದು. ಸಿದ್ರಾಯನಿಗೆ ತಡೆಯಲಾಗಲಿಲ್ಲ.

“ನನಗ ಗೊತ್ತಿತ್ತು, ತಮ್ಮಾ.”

“ಏನು?”

“ಆ ಔಷಧ ಕುದರಿಗಿ ವಿಷ ಅಂತ. ಗೊತ್ತಾಗಿ ಒಂದ ತಿಂಗಳಾತು. ನಿನ್ನ ಕಡೆ ಬಾಟಲಿ ಐತಿ ಅನ್ನೂದೂ ಗೊತ್ತಿತ್ತು. ಫೋನ್ ತಗದೆ. ಮಾಡಲಿಲ್ಲ.”

ದುಂಡೇಶನ ಕೈ ನಿಂತಿತು. ಬೈದಾನು, ಕೈ ಮಾಡಿಯಾನು ಎಂದು ಸಿದ್ರಾಯ ಕಾದ. ಹಾಗೆ ಮಾಡಲಿ ಎಂದು ದೇವರಲ್ಲಿ ಬೇಡಿಕೊಂಡ. ದುಂಡೇಶ ಅವನ ಮುಖವನ್ನು ಒಂದು ಸಲ ನೋಡಿದ, ಅಷ್ಟೇ. ಹೆಗಲ ಟವೆಲಿನಿಂದ ಕೈ ಒರೆಸಿಕೊಂಡ. ಹೊರಗೆ ಯಾವುದೋ ಲಾರಿ ಬಂದು ನಿಂತ ಸದ್ದಾಯಿತು.

“ಬಿಸಲಾಗ ಬಂದೀರಿ” ಎಂದ. “ಚಹಾ ಕುಡದ ಹೋಗ್ರಿ.”

ಅಷ್ಟು ಹೇಳಿ ಗಿರಾಕಿಗಳ ಕಡೆ ನಡೆದ. ಹುಟ್ಟಿದಾಗಿನಿಂದ ಆ ಬಾಯಲ್ಲಿ ತನಗೆ ‘ರಿ’ ಕೇಳದಿದ್ದ ಸಿದ್ರಾಯ, ಹಸಿರು ಸೀರೆಯ ಗಂಟನ್ನು ಕಂಕುಳಲ್ಲಿ ಹಿಡಿದು ಚಪ್ಪರದಲ್ಲಿ ನಿಂತ. ತಮ್ಮನ ಹೆಗಲಿದ್ದ ಜಾಗಕ್ಕೆ ಕಬೂತರಿ ಇನ್ನೂ ಕುತ್ತಿಗೆ ಚಾಚಿ, ತುಟಿ ಆಡಿಸುತ್ತಲೇ ಇತ್ತು.